ಓವರ್ ಸ್ಮಾರ್ಟ್ ಅನ್ನುವ ಮುನ್ನ

ಮೊನ್ನೆ ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಈ ಸೂತ್ರ ಬಂದದ್ದು ಹೇಗೆ?" ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಮೆಲ್ಲಗೆ ಒಂದು ದನಿ ಬಂತು: "ಓವರ್ ಸ್ಮಾರ್ಟ್!" ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ. ಸರ್ ಉತ್ತರ ಹೇಳಿದರು. ಆದರೆ ಅವಳು ಆ ವಾರವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಈ ಸ್ಮಾರ್ಟ್ ಎಂಬ ಪದ ನಮಗೆ ಎಷ್ಟು ಇಷ್ಟ ನೋಡಿ. ಕೈಯಲ್ಲಿ ಸ್ಮಾರ್ಟ್ ಫೋನ್, ಗೋಡೆಯಲ್ಲಿ ಸ್ಮಾರ್ಟ್ ಬೋರ್ಡ್. 2016ರಲ್ಲಿ ಕೇಂದ್ರ ಸರ್ಕಾರದ ಯೋಜನೆಗೆ ಆಯ್ಕೆಯಾದ ಮೇಲೆ ನಮ್ಮ ಶಿವಮೊಗ್ಗವೂ ಸ್ಮಾರ್ಟ್ ಸಿಟಿ. ಹಬ್ಬಕ್ಕೆ ಹೊಸ ಬಟ್ಟೆ ಹಾಕಿದವನು ಸ್ಮಾರ್ಟ್, ಲೆಕ್ಕ ಬೇಗ ಬಿಡಿಸಿದವನೂ ಸ್ಮಾರ್ಟ್. ಬ್ರಿಟನ್ನಿನಲ್ಲಿ ಮೊದಲ ಅರ್ಥ ಹೆಚ್ಚು ಬಳಕೆ, ಅಮೆರಿಕದಲ್ಲಿ ಎರಡನೆಯದು. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ.

ಹಳೆಯ ಇಂಗ್ಲಿಷಿನಲ್ಲಿ ಇದು ಉರಿ, ನೋವಿನ ಪದವಾಗಿತ್ತು. ಈಗಲೂ ಹೊಗೆಗೆ ಕಣ್ಣು ಉರಿದರೆ ಇಂಗ್ಲಿಷಿನವರು ಇದೇ ಪದವನ್ನು ಬಳಸುತ್ತಾರೆ. ಇದೇನು ವಿಚಿತ್ರ ಅನ್ನಬೇಡಿ. ನಮ್ಮ ಕನ್ನಡದ 'ಚುರುಕು' ಕೂಡ ಹಾಗೆಯೇ. ಚುರುಕು ಹುಡುಗಿ ಅನ್ನುತ್ತೇವೆ, ಬಿಸಿಲಿನ ಚುರುಕು ಅನ್ನುತ್ತೇವೆ, ತಪ್ಪು ಮಾಡಿದವನಿಗೆ ಚುರುಕು ಮುಟ್ಟಿಸುತ್ತೇವೆ. ನಮ್ಮಲ್ಲಿ ಅನೇಕರ ಮನೆಮಾತಾದ ಉರ್ದುವಿನಲ್ಲಿ ಬುದ್ಧಿಯೂ 'ತೇಜ್', ಮೆಣಸಿನಕಾಯಿಯೂ 'ತೇಜ್'. ಚುರುಕಾದ ಬುದ್ಧಿ ಸ್ವಲ್ಪ ಚುಚ್ಚುತ್ತದೆ ಎಂಬುದು ಮೂರು ಭಾಷೆಗಳಿಗೂ ಗೊತ್ತಿದೆ.

ಅವಳ ಪ್ರಶ್ನೆ ನಮ್ಮನ್ನು ಚುಚ್ಚಿತು. ಏಕೆಂದರೆ ಆ ಸೂತ್ರ ನಮಗೂ ಅರ್ಥವಾಗಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಅದನ್ನು ಮುಚ್ಚಿಕೊಳ್ಳಲು 'ಓವರ್' ಸೇರಿಸಿ ಅವಳ ಬಾಯಿ ಮುಚ್ಚಿಸಿದೆವು. ಹುಡುಗ ಕೇಳಿದ್ದರೆ ಬರೀ ಸ್ಮಾರ್ಟ್ ಅನ್ನುತ್ತಿದ್ದೆವೇನೋ.

ಕೆಲವರು ತೋರಿಕೆಗಾಗಿಯೇ ಪ್ರಶ್ನೆ ಕೇಳುತ್ತಾರೆ ಎಂಬುದು ನಿಜ. ಕೇಳಲಿ ಬಿಡಿ. ಉತ್ತರವಂತೂ ಎಲ್ಲರಿಗೂ ಸಿಗುತ್ತದೆ.

ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಉಪನ್ಯಾಸಕರಲ್ಲಿ ಒಂದು ವಿನಂತಿ: ಆ ಪಿಸುಮಾತು ನಿಮ್ಮ ಕಿವಿಗೆ ಬಿದ್ದಾಗ ಸುಮ್ಮನಿರಬೇಡಿ. ಗೆಳೆಯರೇ, ಮುಂದಿನ ಸಲ ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ನಗುವ ಬದಲು ಪುಸ್ತಕ ತೆರೆದು ಉತ್ತರ ಬರೆದುಕೊಳ್ಳೋಣ. ಪರೀಕ್ಷೆಯಲ್ಲಿ ಅದೇ ಬಂದೀತು.