ಸ್ಕೂಟರ್ ನಿನ್ನದು, ಕಾಗದ ಯಾರದು?

ಗೆಳೆಯಾ, ಸ್ಕೂಟರಿನ ನಂಬರ್ ಪ್ಲೇಟಿನ ಮೇಲೆ ಕನ್ನಡ ಅಂಕಿ ಬರೆಸಿದ್ದೀಯ. ನಿನ್ನ ಅಭಿಮಾನಕ್ಕೆ ಶರಣು. ಆದರೆ ಕೇಂದ್ರ ಮೋಟಾರು ವಾಹನ ನಿಯಮ 1989 ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ದಂಡ ಕಟ್ಟುವವನು ನೀನೇ. ಆ ಜಗಳ ದೆಹಲಿಯೊಂದಿಗೆ, ಸದ್ಯ ಇರಲಿ. ಈಗ ಸೀಟು ಎತ್ತಿ, ಒಳಗಿರುವ ವಿಮೆ ಕಾಗದ ತೆಗೆದು ಓದು. ಎಷ್ಟು ತಿಳಿಯಿತು?

ಹಲಗೇರಿಯ ನನ್ನ ಪರಿಚಯದವರೊಬ್ಬರು ದಿನಾ ಸ್ಕೂಟರಿನಲ್ಲೇ ರಾಣೇಬೆನ್ನೂರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು, ಸಂಜೆ ಕಾಲಿನ ಬಳಿ ಕಿರಾಣಿ ಚೀಲ ಇಟ್ಟುಕೊಂಡು ಬರುವುದು, ಎಲ್ಲಕ್ಕೂ ಅದೇ. ಎರಡನೇ ವರ್ಷ ಅದು ಕಳುವಾಯಿತು. 'ಐದು ವರ್ಷದ ಇನ್ಶೂರೆನ್ಸ್ ಐತ್ರಿ' ಎಂದು ಧೈರ್ಯವಾಗಿ ಹೋದರು, ಬರಿಗೈಲಿ ಬಂದರು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ವಿಮೆ ಕಡ್ಡಾಯವೇನೋ ಹೌದು. ಆದರೆ ಅದು ಥರ್ಡ್ ಪಾರ್ಟಿ: ನಿನ್ನ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ನಿನ್ನ ಗಾಡಿಯೇ ಕಳುವಾದರೆ, ಜಖಂ ಆದರೆ ಬೇರೆ ವಿಮೆ ಬೇಕು. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು. ಮುಗಿದ ಮೇಲೆ ನೀನೇ ನವೀಕರಿಸಬೇಕು. ಅವರ ಕಾಗದದಲ್ಲಿ ಎರಡೂ ತಾರೀಖು ಇದ್ದವು. ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ!

ದುಡ್ಡು ಎಣಿಸುವಾಗ ಕನ್ನಡಿಗ ಬೇಕು, ಕರಾರು ಹೇಳುವಾಗ ಕನ್ನಡ ಬೇಡವೇ? ಷೋರೂಮಿನವರು ಹಾರ ಹಾಕಿ, ಫೋಟೊ ತೆಗೆದು ಕೀಲಿ ಕೊಡುತ್ತಾರಲ್ಲ, ಅದಕ್ಕೂ ಮೊದಲೇ, ಹಣ ಕಟ್ಟುವಾಗಲೇ ಕೇಳು: 'ಕಳುವಿನ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ? ಕನ್ನಡದಲ್ಲಿ ಬರೆದುಕೊಡಿ.' ಕೊಡುವವರೆಗೆ ಸಹಿ ಹಾಕಬೇಡ.