ಅವಳಿಗೆ ಮಾತ್ರೆ, ಅವನಿಗೆ ಎಫ್‌ಐಆರ್

ಲೈಂಗಿಕ ಸೋಂಕಿಗೆ ಜೋಡಿಯಲ್ಲಿ ಒಬ್ಬರಿಗಷ್ಟೇ ಮದ್ದು ಕೊಟ್ಟರೆ ಅದು ಅರ್ಧ ಚಿಕಿತ್ಸೆ. ಹದಿನೇಳರ ಹುಡುಗಿಗೆ ಕ್ಲಮೈಡಿಯ ವಾಸಿಯಾದರೂ ಅವಳ ಹುಡುಗನ ಮೈಯಲ್ಲಿ ಅದು ಉಳಿದಿದ್ದರೆ ಮತ್ತೆ ಅವಳಿಗೇ ಅಂಟುತ್ತದೆ. ಸೋಂಕು ಗರ್ಭನಾಳಕ್ಕೆ ಏರಿದರೆ ಮುಂದೆ ಬಂಜೆತನದ ಭಯ, ನಾಳದಲ್ಲೇ ಬಸಿರು ನಿಲ್ಲುವ ಅಪಾಯ. ಇದು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಸಂಗಾತಿಗೂ ಚಿಕಿತ್ಸೆ ಕೊಡಿ ಎಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಕೊಡುವ ಬೂದು ಬಣ್ಣದ ಕಿಟ್‌ನಲ್ಲಿ ಇರುವುದು 1 ಗ್ರಾಂ ಅಜಿತ್ರೊಮೈಸಿನ್, 400 ಮಿ.ಗ್ರಾಂ ಸೆಫಿಕ್ಸಿಮ್. ಒಂದೇ ಸಲಕ್ಕೆ ನುಂಗಿ ಮುಗಿಸುವ ಮದ್ದು.

ಆದರೆ ಹುಡುಗಿಗೆ ಹದಿನೆಂಟು ತುಂಬಿಲ್ಲವೆಂದರೆ ಈ ಸರಳ ಕೆಲಸ ಠಾಣೆಯ ಮೆಟ್ಟಿಲು ಹತ್ತುತ್ತದೆ. 2012ರ ಪೋಕ್ಸೊ ಕಾಯ್ದೆಯ ಮುಂದೆ ಅವಳ ಒಪ್ಪಿಗೆಗೆ ಬೆಲೆಯಿಲ್ಲ. 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ವೈದ್ಯರು ದೂರು ಮುಟ್ಟಿಸಲೇಬೇಕು. ಮುಟ್ಟಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹೀಗಿರುವಾಗ ‘ಅವನನ್ನೂ ಕರೆದುಕೊಂಡು ಬಾಮ್ಮ’ ಎಂದು ಆಪ್ತಸಮಾಲೋಚಕಿ ಯಾವ ಬಾಯಲ್ಲಿ ಹೇಳಬೇಕು?

ಕಡ್ಡಾಯ ದೂರಿನ ಪರ ನಿಂತವರ ಆತಂಕ ಸುಳ್ಳಲ್ಲ. ಸೋಂಕಿನ ಹಿಂದೆ ನೆಂಟನೋ ಮೇಷ್ಟ್ರೋ ಇರಬಹುದು. ಅಂಥವನನ್ನು ಹಿಡಿಯಲೇಬೇಕು. ಹಿಡಿಯಬೇಕಾದರೆ ಹುಡುಗಿ ಮೊದಲು ಬರಬೇಕು, ಬಾಯಿ ಬಿಡಬೇಕು. ಪೊಲೀಸರ ಭಯವಿದ್ದರೆ ಅವಳು ಹದಿಹರೆಯದವರಿಗೆಂದೇ ತೆರೆದ ಸ್ನೇಹ ಕ್ಲಿನಿಕ್ಕಿಗೂ ಕಾಲಿಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ‘ಬಿಳಿ ಹೋಗುತ್ತೆ’ ಎಂದು ಪಿಸುಗುಟ್ಟಿ, ಕೊಟ್ಟ ಮಾತ್ರೆ ನುಂಗುತ್ತಾಳೆ. ಪ್ರೀತಿಸಿದವಳ ಜೊತೆಗೆ ದೌರ್ಜನ್ಯಕ್ಕೆ ಸಿಕ್ಕವಳೂ ವೈದ್ಯರ ಕಣ್ಣಿಂದ ಮರೆಯಾಗುತ್ತಾಳೆ.

ಈ ಕಗ್ಗಂಟು ನ್ಯಾಯಾಲಯಗಳಿಗೂ ಕಂಡಿದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಗುರುತು ಕೊಡಬೇಕಿಲ್ಲವೆಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಸಿರಿಗೆ ಸಿಕ್ಕ ಈ ಆಸರೆ ಸೋಂಕಿಗೇಕಿಲ್ಲ? ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸಿ ಎಂದು ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸಲು ಒಪ್ಪಲಿಲ್ಲ. 16ರಿಂದ 18ರೊಳಗಿನವರ ಸಮ್ಮತಿಯ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಆ ವಿವೇಚನೆಯ ಸರದಿ ಬರುವ ಹೊತ್ತಿಗೆ ಕೇಸು ದಾಖಲಾಗಿ, ಹುಡುಗ ಕೈಗೆ ಸಿಗದಂತಾಗಿ, ಮದ್ದಿನ ಮಾತೇ ಮರೆತಿರುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕ್ಲಮೈಡಿಯ, ಗೊನೊರಿಯಗಳಲ್ಲಿ ಆಸ್ಪತ್ರೆಗೆ ಬಾರದ ಸಂಗಾತಿಗೆ ರೋಗಿಯ ಕೈಯಲ್ಲೇ ಮದ್ದು ಕಳಿಸುವ ಕ್ರಮವನ್ನು 2006ರಲ್ಲೇ ಬೆಂಬಲಿಸಿತು. ನಾವೂ ಅದನ್ನು ಹದಿಹರೆಯದವರಿಗೆ ವಿಸ್ತರಿಸಬಹುದು. ಸಿಫಿಲಿಸ್‌ಗೆ ಮಾತ್ರ ಇದು ನಡೆಯದು; ಅದಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಬೇಕು, ಅಲರ್ಜಿಯ ಮೇಲೆ ಕಣ್ಣಿಡಬೇಕು, ಹುಡುಗ ಖುದ್ದಾಗಿ ಬರಬೇಕು. ಹಾಗೆ ಬಂದವನಿಗೆ ಎಫ್‌ಐಆರ್ ಕಾದಿರಬಾರದು.

ಹದಿನಾರು ದಾಟಿದವರ, ವಯಸ್ಸಿನ ಅಂತರ ಹೆಚ್ಚಿಲ್ಲದ, ಬಲವಂತವಿಲ್ಲದ ಸಂಬಂಧಗಳನ್ನು ಕಡ್ಡಾಯ ದೂರಿನಿಂದ ಹೊರಗಿಡಿ. ಆಪ್ತಸಮಾಲೋಚಕಿ ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ವಿಚಾರಿಸಲಿ. ಬೆದರಿಕೆ, ಆಮಿಷ, ಅಧಿಕಾರದ ಸುಳಿವು ಸಿಕ್ಕರೆ ದೂರು ಹೋಗಲಿ. ಕಾಯ್ದೆ ತಿದ್ದಬೇಕಾದ್ದು ಸಂಸತ್ತು, ಹಾಗೆಂದು ಪಟ್ಟು ಹಿಡಿಯಬೇಕಾದವರು ವೈದ್ಯರ ಸಂಘಟನೆಗಳು. ಜೈಲಿನ ಭಯ ಬಿಟ್ಟು ಸುಮ್ಮನೆ ಇನ್ನೊಂದು ಕಿಟ್ ಕೊಟ್ಟು ಕಳಿಸುವ ವೈದ್ಯರ ಧೈರ್ಯವನ್ನೇ ನೆಚ್ಚಿ ಮಕ್ಕಳ ಆರೋಗ್ಯ ನಡೆಯಬಾರದು.