ಹಾಜರಾತಿ ಆ್ಯಪ್‌ನ ದೋಷದಿಂದ ಕೂಲಿ ಕಳೆದುಕೊಂಡವರಿಗೂ ಸುಳ್ಳು ಹಾಜರಿಯ ಆರೋಪ ಹೊತ್ತವರಿಗೂ ನ್ಯಾಯ ಮತ್ತು ಪರಿಹಾರ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ವಿಜಯಪುರ

ಮನವಿದಾರರು: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಉದ್ಯೋಗ ಖಾತ್ರಿ ಕೂಲಿಕಾರರು ಹಾಗೂ ಕಾಯಕ ಬಂಧುಗಳು

ಮಾನ್ಯರೇ,

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಲ್ಲಿ ದುಡಿದೂ ಹಾಜರಿ ದಾಖಲಾಗದೆ ಕೂಲಿ ಕಳೆದುಕೊಂಡವರ ಪರವಾಗಿ, ಮತ್ತು ಫೋಟೋ ಸರಿಯಿಲ್ಲವೆಂಬ ಕಾರಣಕ್ಕೆ ಸುಳ್ಳು ಹಾಜರಿ ಹಾಕಿದವರೆಂಬ ಅಪವಾದ ಹೊತ್ತ ಕಾಯಕ ಬಂಧುಗಳ ಪರವಾಗಿ ಈ ಮನವಿಯನ್ನು ಸಲ್ಲಿಸಲಾಗುತ್ತಿದೆ. ಕಾಯಕ ಬಂಧು ಎಂದರೆ ಕೂಲಿಕಾರರ ಗುಂಪಿನೊಳಗಿಂದಲೇ ಆಯ್ಕೆಯಾಗಿ ಹಾಜರಿ ಹಿಡಿಯುವ ಮತ್ತು ಕೆಲಸದ ಅಳತೆಗೆ ನೆರವಾಗುವ ವ್ಯಕ್ತಿ. ಆತ ಅಥವಾ ಆಕೆ ಸರ್ಕಾರಿ ನೌಕರರಲ್ಲ, ಕೈಯಲ್ಲಿರುವ ಮೊಬೈಲ್ ಸಾಮಾನ್ಯವಾಗಿ ಸ್ವಂತದ್ದು, ಅದಕ್ಕೆ ಹಾಕಿಸುವ ರೀಚಾರ್ಜ್ ಕೂಡ ಸ್ವಂತ ಖರ್ಚಿನದು.

ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮೊಬೈಲ್ ಮೇಲ್ವಿಚಾರಣಾ ವ್ಯವಸ್ಥೆ, ಅಂದರೆ ಎನ್‌ಎಂಎಂಎಸ್ ಎಂಬ ಆ್ಯಪ್ ಅನ್ನು ಜಾರಿಗೆ ತಂದು, 2022ರ ಮೇ 16ರಿಂದ 20 ಮತ್ತು ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕಾಮಗಾರಿಗಳಿಗೂ, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲವುಗಳಿಗೂ ಅದನ್ನು ಕಡ್ಡಾಯಗೊಳಿಸಿತು. ಅಂದಿನಿಂದ, ಎನ್‌ಎಂಆರ್ ಎಂದೇ ಎಲ್ಲರೂ ಕರೆಯುವ ಹಾಜರಿ ಪಟ್ಟಿ ಕಾಗದದಿಂದ ಮೊಬೈಲಿಗೆ ಬಂದಿದೆ. ಕೆಲಸದ ಸ್ಥಳದಲ್ಲಿ ದಿನಕ್ಕೆ ಎರಡು ಬಾರಿ, ಸ್ಥಳ ಮತ್ತು ಸಮಯದ ಗುರುತು ಬೀಳುವಂತೆ ಗುಂಪಿನ ಫೋಟೋ ತೆಗೆದು ಅದೇ ದಿನ ಸರ್ವರ್‌ಗೆ ಏರಿಸಬೇಕು. ಬೆಳಗಿನ ಫೋಟೋ ಏರಿ ಮಧ್ಯಾಹ್ನದ್ದು ಏರದಿದ್ದರೆ ದಿನವಿಡೀ ಮಣ್ಣು ಹೊತ್ತವರ ಆ ದಿನದ ಕೂಲಿ ಪ್ರಶ್ನೆಗೆ ಬೀಳುತ್ತದೆ, ಎರಡೂ ಏರದಿದ್ದರೆ ಆ ದಿನ ಅವರು ಕೆಲಸಕ್ಕೇ ಬಂದಿಲ್ಲವೆಂದಾಗುತ್ತದೆ.

ಈ ಮನವಿಯ ಮೂಲ ತಕರಾರು ಇಷ್ಟೇ: ಫೋಟೋ ಏರದಿರುವುದಕ್ಕೂ ಕೂಲಿಕಾರ ಬಾರದಿರುವುದಕ್ಕೂ ಈ ವ್ಯವಸ್ಥೆಯಲ್ಲಿ ವ್ಯತ್ಯಾಸವೇ ಇಲ್ಲ. ಸಿಗ್ನಲ್ ಇಲ್ಲದ ಹಳ್ಳದ ದಂಡೆಯಲ್ಲಿ, ಕೆರೆಯ ಅಂಗಳದಲ್ಲಿ, ಊರಿಂದ ದೂರದ ಹೊಲದ ಬದುವಿನ ಮೇಲೆ ಆ್ಯಪ್ ಕೈಕೊಟ್ಟಾಗ, ಅಥವಾ ಎಲ್ಲೆಡೆಯಿಂದ ಒಮ್ಮೆಗೇ ಫೋಟೋಗಳು ಏರುವ ಹೊತ್ತಿಗೆ ಸರ್ವರ್ ನಿಂತಾಗ, ತಪ್ಪು ತಂತ್ರಾಂಶದ್ದಾದರೂ ಗೈರುಹಾಜರಿ ಕೂಲಿಕಾರನ ಹೆಸರಿಗೆ ಬೀಳುತ್ತದೆ. ‘ಫೋಟೋ ಏರಿಲ್ಲ’ ಎಂಬ ಮಾತನ್ನು ಕಾಯಕ ಬಂಧು ಪಂಚಾಯಿತಿ ಕಟ್ಟೆಗೆ ಹೋಗಿ ಹೇಳಬಹುದೇ ಹೊರತು ಅದನ್ನು ಸಾಬೀತುಪಡಿಸುವ ಒಂದು ರಸೀದಿಯಾಗಲಿ ಚೀಟಿಯಾಗಲಿ ಆಕೆಯ ಕೈಯಲ್ಲಿರುವುದಿಲ್ಲ.

ನಷ್ಟದ ಲೆಕ್ಕ ಸರಳವಾಗಿದೆ. 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಆರು ದಿನದ ಹಾಜರಿ ಅಳಿಸಿಹೋದರೆ ಒಬ್ಬರಿಗೆ 2,220 ರೂಪಾಯಿ ಹೋಯಿತು. ಉದ್ಯೋಗ ಖಾತರಿ ಕಾಯ್ದೆಯ 3ನೇ ಪ್ರಕರಣವು ಕೂಲಿಯನ್ನು ಹದಿನೈದು ದಿನದೊಳಗೆ ಪಾವತಿಸಬೇಕೆನ್ನುತ್ತದೆ. 2ನೇ ಅನುಸೂಚಿಯು ವಿಳಂಬಕ್ಕೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ ಕೊಡಬೇಕೆನ್ನುತ್ತದೆ. ಈ ದರದಲ್ಲಿ 2,220 ರೂಪಾಯಿಗೆ ಸಿಗುವ ಪರಿಹಾರ ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ. ಅದೂ ಇಲ್ಲಿ ಸಿಗದು, ಏಕೆಂದರೆ ಹಾಜರಿಯೇ ದಾಖಲಾಗದಿದ್ದರೆ ಬಾಕಿ ಕೂಲಿಯೂ ಇಲ್ಲ, ಬಾಕಿ ಇಲ್ಲದ ಮೇಲೆ ವಿಳಂಬವೂ ಇಲ್ಲ ಎಂಬುದು ತಂತ್ರಾಂಶದ ತರ್ಕ. ವಿಳಂಬಕ್ಕೆ ಪರಿಹಾರ ಬರೆದ ಕಾಯ್ದೆ ಅಳಿಸಿಹೋದ ದುಡಿಮೆಗೆ ಪ್ರತ್ಯೇಕ ದಾರಿ ತೋರಿಸಿಲ್ಲ. ಮಳೆ ಕೈಕೊಟ್ಟ ವರ್ಷ ಗೋವೆಗೂ ಪುಣೆಗೂ ಗುಳೆ ಹೋಗುವ ಕುಟುಂಬಗಳನ್ನು ಊರಲ್ಲೇ ಉಳಿಸಲೆಂದು ಬಂದ ಯೋಜನೆಯಿದು. ಎರಡು ವಾರದ ಕೂಲಿ ಹೀಗೆ ಹೋದವರು ಮೂರನೆಯ ವಾರ ಫಾರ್ಮ್ 6 ತುಂಬಿ ಕೆಲಸ ಕೇಳುವ ಬದಲು ಬಸ್ ಹತ್ತಿದರೆ ಅವರನ್ನು ದೂರುವಂತಿಲ್ಲ.

ಆರೋಪದ ವಿಷಯ ಇದಕ್ಕಿಂತ ಗಂಭೀರವಾದದ್ದು. 2025ರ ಜುಲೈ 8ರಂದು ಸಚಿವಾಲಯವೇ ರಾಜ್ಯಗಳಿಗೆ ಬರೆದ ಸುತ್ತೋಲೆಯಲ್ಲಿ, ಸಂಬಂಧವಿಲ್ಲದ ಫೋಟೋ ಏರಿಸುವುದು, ಫೋಟೋದ ಫೋಟೋ ತೆಗೆಯುವುದು, ಫೋಟೋದಲ್ಲಿರುವ ತಲೆಗಳಿಗೂ ಪಟ್ಟಿಯಲ್ಲಿರುವ ಹೆಸರುಗಳಿಗೂ ತಾಳೆಯಾಗದಿರುವುದು ಮುಂತಾದ ದುರ್ಬಳಕೆಗಳನ್ನು ಎತ್ತಿ ಹೇಳಿ, ಪಂಚಾಯಿತಿ ಮಟ್ಟದಲ್ಲಿ ಪ್ರತಿಯೊಂದು ಫೋಟೋವನ್ನೂ ಪರಿಶೀಲಿಸುವಂತೆ ಸೂಚಿಸಲಾಯಿತು. ದುರ್ಬಳಕೆ ನಡೆದೇ ಇಲ್ಲವೆಂದು ಮನವಿದಾರರು ವಾದಿಸುವುದಿಲ್ಲ. ಕೆಲಸ ಮಾಡದವರ ಹೆಸರಲ್ಲಿ ಬಿಲ್ಲು ಎತ್ತುವವರಿಂದ ಮೊದಲು ಮೋಸ ಹೋಗುವವರು ನಿಜವಾದ ಕೂಲಿಕಾರರೇ. ಆದರೆ ಮೂರು ವರ್ಷ ಕಡ್ಡಾಯವಾಗಿ ನಡೆದ ಆ್ಯಪ್ ಕಳ್ಳ ಹಾಜರಿಯನ್ನು ತಾನಾಗಿ ತಡೆಯಲಿಲ್ಲವೆಂಬುದು ಈ ಸುತ್ತೋಲೆಯಿಂದಲೇ ಸ್ಪಷ್ಟವಾಗುತ್ತದೆ. ಕಳ್ಳನನ್ನು ಹಿಡಿಯದ ಯಂತ್ರದ ಮಾತಿನ ಮೇಲೆಯೇ, ಮಸುಕಾದ ಫೋಟೋ ಏರಿಸಿದ ಕಾಯಕ ಬಂಧುವಿಗೆ ಕಳ್ಳತನದ ಪಟ್ಟ ಕಟ್ಟುವುದು ಸರಿಯಲ್ಲ.

ಯಂತ್ರ ತಪ್ಪುವುದಿಲ್ಲವೆಂಬ ನಂಬಿಕೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣ ಸಾಕ್ಷಿಯಾಗಿದೆ. ಅಲ್ಲಿ 1999ರಿಂದ ಜಾರಿಗೆ ಬಂದ ಹೊರೈಜನ್ ಎಂಬ ಲೆಕ್ಕಪತ್ರ ತಂತ್ರಾಂಶವು ಇಲ್ಲದ ಕೊರತೆಯನ್ನು ತೋರಿಸಿದ್ದರಿಂದ, ಊರಿನ ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಅಪರಾಧಿಗಳೆನಿಸಿದರು. ಭಾರತೀಯ ಮೂಲದ ಸೀಮಾ ಮಿಶ್ರಾ 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲು ಸೇರಿದರು. ಕಂಪ್ಯೂಟರ್ ಸರಿಯಾಗಿದೆಯೆಂದು ನ್ಯಾಯಾಲಯ ಊಹಿಸಿಕೊಳ್ಳಬೇಕೆಂಬ ನಿಯಮ ಅಲ್ಲಿತ್ತು. ಸರಿಯಿಲ್ಲವೆಂದು ತೋರಿಸುವ ಹೊರೆ ಆರೋಪಿಯ ಮೇಲಿತ್ತು, ತೋರಿಸಬಲ್ಲ ದಾಖಲೆಗಳೆಲ್ಲ ಆರೋಪ ಹೊರಿಸಿದವರ ಬಳಿ ಇದ್ದವು. ಅಲನ್ ಬೇಟ್ಸ್ ಮುಂದಾಳತ್ವದ 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರ್‌ನಲ್ಲಿ ತಂತ್ರಾಂಶದ ದೋಷ ನ್ಯಾಯಾಲಯದಲ್ಲಿ ಸ್ಥಾಪಿತವಾಯಿತು. 2021ರ ಏಪ್ರಿಲ್‌ನಲ್ಲಿ ಸೀಮಾ ಮಿಶ್ರಾ ಸೇರಿ 39 ಮಂದಿಯ ಶಿಕ್ಷೆ ರದ್ದಾಯಿತು. ಉಳಿದವರಿಗಾಗಿ 2024ರ ಮೇ ತಿಂಗಳಲ್ಲಿ ಸಂಸತ್ತೇ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ವಿಜಯಪುರ ಜಿಲ್ಲೆಯ ಕಾಯಕ ಬಂಧುವಿನ ಸ್ಥಿತಿ ಅಷ್ಟು ಘೋರವಲ್ಲದಿರಬಹುದು, ಆದರೆ ದಾಖಲೆ ಯಾರ ಕೈಯಲ್ಲಿದೆ, ಹೊರೆ ಯಾರ ತಲೆಯ ಮೇಲಿದೆ ಎಂಬ ಪ್ರಶ್ನೆಗೆ ಉತ್ತರ ಎರಡೂ ಕಡೆ ಒಂದೇ.

ಭಾರತದ ಕಾನೂನು ಈ ವಿಷಯದಲ್ಲಿ ಬ್ರಿಟನ್ನಿಗಿಂತ ಎಚ್ಚರದಿಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಕಾರ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವವರು ಸಾಧನವು ಆ ಅವಧಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತೆಂಬ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾನೂನು ಅಕ್ಷರಶಃ ಅನ್ವಯಿಸದು ಎಂಬುದು ನಿಜ. ಆದರೂ ನ್ಯಾಯಾಲಯ ಕೇಳುವಷ್ಟು ಖಾತರಿಯನ್ನು ಕೂಲಿಕಾರರ ಅನ್ನ ಕಿತ್ತುಕೊಳ್ಳುವ ಮುನ್ನ ಕಚೇರಿಯೂ ಕೇಳಬೇಕೆಂಬುದು ಮನವಿದಾರರ ನಿಲುವು.

ಆದಕಾರಣ ಮೊದಲ ಬೇಡಿಕೆ ಹಳೆಯ ಬಾಕಿಯದು. ಆ್ಯಪ್ ಕಡ್ಡಾಯವಾದ ದಿನದಿಂದ ಈವರೆಗೆ ನಾಲ್ಕೂ ತಾಲೂಕುಗಳಲ್ಲಿ ಶೂನ್ಯ ಹಾಜರಿಯೊಂದಿಗೆ ಮುಚ್ಚಿಹೋದ ಎನ್‌ಎಂಆರ್‌ಗಳ ಪಟ್ಟಿಯನ್ನು ಪಂಚಾಯಿತಿವಾರು ಸಿದ್ಧಪಡಿಸಿ, ಕಾಮಗಾರಿಯ ಅಳತೆ ಪುಸ್ತಕದೊಂದಿಗೆ ತಾಳೆ ನೋಡಬೇಕು. ಮಣ್ಣು ಎದ್ದಿದ್ದು ಹಾಜರಿ ಮಾತ್ರ ಇಲ್ಲವೆಂದಾದರೆ ಕೆಲಸ ನಡೆದಿದೆಯೆಂದು ಒಪ್ಪಿ ಕೂಲಿಯನ್ನೂ ವಿಳಂಬ ಪರಿಹಾರವನ್ನೂ ಪಾವತಿಸಬೇಕು. ಆ್ಯಪ್ ಕೆಲಸ ಮಾಡದ ಅಸಾಧಾರಣ ಸಂದರ್ಭದಲ್ಲಿ ಕೈಬರಹದ ಹಾಜರಿಗೆ ಅನುಮತಿ ಕೊಡುವ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ಈಗಾಗಲೇ ಇರುವುದರಿಂದ, ಅದನ್ನು ಬಳಸಲು ಹೊಸ ಆದೇಶಕ್ಕೆ ಕಾಯಬೇಕಾಗಿಲ್ಲ. ಆ ಅನುಮತಿಯ ಅರ್ಜಿ ಜಿಲ್ಲೆಯವರೆಗೆ ಅಲೆಯದೆ ತಾಲೂಕು ಪಂಚಾಯಿತಿಯಲ್ಲೇ ಎರಡು ದಿನದೊಳಗೆ ಇತ್ಯರ್ಥವಾಗುವ ವ್ಯವಸ್ಥೆಯಾಗಬೇಕು.

ಎರಡನೆಯದಾಗಿ, ಫೋಟೋ ದೋಷವೊಂದನ್ನೇ ಆಧರಿಸಿ ಕಾಯಕ ಬಂಧುಗಳ ಮೇಲೆ ಕೈಗೊಂಡ ಕ್ರಮಗಳನ್ನು, ಅಂದರೆ ನೋಟಿಸ್, ವಸೂಲಿ ಆದೇಶ ಮತ್ತು ಕೆಲಸದಿಂದ ಬಿಡಿಸುವಿಕೆಯನ್ನು ತಡೆಹಿಡಿದು ಮರುಪರಿಶೀಲಿಸಬೇಕು. ಆರೋಪ ಹೊರಿಸುವ ಮುನ್ನ ಆ ದಿನದ ಸರ್ವರ್ ದಾಖಲೆಯ ಪ್ರತಿಯನ್ನು ಆರೋಪಿತರಿಗೆ ಕನ್ನಡದಲ್ಲಿ ಒದಗಿಸಬೇಕು. ನಿರ್ದೋಷಿಯೆಂದು ಕಂಡುಬಂದವರಿಗೆ ಕಳೆದುಕೊಂಡ ದಿನಗಳ ಪೂರ್ಣ ಕೂಲಿ ಸಿಗಬೇಕು ಮತ್ತು ಆ ತೀರ್ಮಾನವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಏಕೆಂದರೆ ಅಪವಾದ ಹಬ್ಬಿದ್ದು ಊರಿನಲ್ಲಿ.

ಇನ್ನುಳಿದ ಒಂದು ಆತಂಕವನ್ನೂ ಇಲ್ಲಿ ದಾಖಲಿಸಬೇಕಾಗಿದೆ. ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ 125 ದಿನಗಳ ಕೆಲಸದ ಭರವಸೆಯೊಡನೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದ್ದು, ಅದರಲ್ಲಿ ಬಯೋಮೆಟ್ರಿಕ್ ದೃಢೀಕರಣಕ್ಕೂ ಮೊಬೈಲ್ ಮೇಲ್ವಿಚಾರಣೆಗೂ ಇನ್ನಷ್ಟು ಒತ್ತು ಬಿದ್ದಿದೆ. ಹಳೆಯ ಕಾಯ್ದೆ ಹೋಯಿತೆಂದು ಹಳೆಯ ಬಾಕಿ ಹೋಗದು. ರದ್ದಾದ ಕಾಯ್ದೆಯಡಿ ಅದಾಗಲೇ ದಕ್ಕಿದ ಹಕ್ಕುಗಳನ್ನು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 6ನೇ ಪ್ರಕರಣ ಸಾಮಾನ್ಯವಾಗಿ ಕಾಪಾಡುತ್ತದೆ. ಆದ್ದರಿಂದ ಹೊಸ ವ್ಯವಸ್ಥೆಗೆ ದಾಟುವ ಮುನ್ನವೇ ಹಳೆಯ ಹಾಜರಿ ದಾಖಲೆಗಳು ಮತ್ತು ದೂರುಗಳು ಅಳಿಸಿಹೋಗದಂತೆ ಜಿಲ್ಲಾ ಪಂಚಾಯತ್ ಲಿಖಿತ ಆದೇಶ ಹೊರಡಿಸಬೇಕು.

ಮೇಲಿನ ಬೇಡಿಕೆಗಳ ಬಗ್ಗೆ ನಾಲ್ಕೂ ತಾಲೂಕುಗಳ ಕಾರ್ಯನಿರ್ವಾಹಕ ಅಧಿಕಾರಿಗಳು ಮತ್ತು ಕೂಲಿಕಾರರ ಪ್ರತಿನಿಧಿಗಳ ಜಂಟಿ ಸಭೆಯನ್ನು 30 ದಿನಗಳೊಳಗೆ ಕರೆದು, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ವಿನಂತಿಸಿಕೊಳ್ಳುತ್ತಾರೆ.